‘ಅವಾಯ್ಡ್’ ಬರೆಯುವ ಮುನ್ನ: ಬೋರ್ಡು, ಲೇಬಲ್ಲು, ಪತ್ರಗಳಿಗೆ ಒಂದು ಮಾರ್ಗದರ್ಶಿ

ಕೊಡಗಿನ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಅವಾಯ್ಡ್’ ಅಂದರೆ ನಿಖರವಾಗಿ ಏನು? ಅದಾದ ಮೇಲೆ ‘ಟು’ ಬರಬೇಕೋ ‘ಇಂಗ್’ ಬರಬೇಕೋ? ಹೋಂಸ್ಟೇ ಬಾಗಿಲಿಗೆ ಬೋರ್ಡು ಬರೆಸುವವರು, ಔಷಧದ ಲೇಬಲ್ಲು ಓದಿ ಆಳುಗಳಿಗೆ ಹೇಳಬೇಕಾದ ತೋಟದ ರೈಟರುಗಳು, ಪಿಯುಸಿ ಪರೀಕ್ಷೆಗೆ ಕೂತವರು, ಎಲ್ಲರದ್ದೂ ಒಂದೇ ದೂರು. ನಿಘಂಟಿನಲ್ಲಿ ‘ತಪ್ಪಿಸು’ ಎಂದಿದೆ, ಹಾಗೆಂದುಕೊಂಡು ಬರೆದರೆ ತಪ್ಪು ಅನ್ನುತ್ತಾರೆ.

ದೂರಿನಲ್ಲಿ ಹುರುಳಿದೆ. ಕನ್ನಡದ ‘ತಪ್ಪಿಸು’ ಬಹಳ ದೊಡ್ಡ ಪದ. ಇಂಗ್ಲಿಷ್ ಅದೇ ಜಾಗವನ್ನು ಏಳೆಂಟು ಪದಗಳಿಗೆ ಹಂಚಿಕೊಟ್ಟಿದೆ, ‘ಅವಾಯ್ಡ್’ಗೆ ಸಿಕ್ಕಿರುವುದು ಅದರಲ್ಲಿ ಒಂದು ಪಾಲು ಮಾತ್ರ. ಆ ಪಾಲಿನ ಬೇಲಿ ಎಲ್ಲಿದೆ ಎಂದು ತಿಳಿದರೆ ಮುಕ್ಕಾಲು ಕೆಲಸ ಮುಗಿಯಿತು. ಉಳಿದ ಕಾಲು ಭಾಗ ವ್ಯಾಕರಣ.

ಬೇಕಾಗುವ ಸಾಮಾನು ಕಡಿಮೆ. ಉದಾಹರಣೆ ವಾಕ್ಯಗಳಿರುವ ಒಂದು ಇಂಗ್ಲಿಷ್–ಇಂಗ್ಲಿಷ್ ನಿಘಂಟು, ಒಂದು ನೋಟ್‌ಬುಕ್ಕು, ಕೈಗೆ ಸಿಗುವ ಎರಡೋ ಮೂರೋ ಲೇಬಲ್ಲು. ಮಾತ್ರೆ ಚೀಟಿ, ಕೀಟನಾಶಕದ ಡಬ್ಬಿ, ಬಸ್‌ಸ್ಟ್ಯಾಂಡಿನ ಫಲಕದ ಫೋಟೋ, ಯಾವುದಾದರೂ ಆದೀತು. ಬರೀ ಅರ್ಥ ಕೊಟ್ಟು ಕೈತೊಳೆದುಕೊಳ್ಳುವ ನಿಘಂಟು ಈ ಪದಕ್ಕೆ ಸಾಲದು. ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ, ಒಮ್ಮೆ ಬಾಯಿಬಿಟ್ಟು ಓದಿಕೊಳ್ಳಿ.

ಹಂತ 1: ಕಾಗುಣಿತ ಮತ್ತು ಉಚ್ಚಾರ

ಅಕ್ಷರಗಳು ಐದು: ಎ, ವಿ, ಒ, ಐ, ಡಿ. ಒತ್ತು ಬೀಳುವುದು ಎರಡನೆಯ ಭಾಗದ ಮೇಲೆ, ‘ಅ-ವಾಯ್ಡ್’. ಮೊದಲ ‘ಅ’ ತೀರಾ ಹಗುರ. ಭೂತಕಾಲದಲ್ಲಿ ‘ಅವಾಯ್ಡೆಡ್’ ಎಂದು ಒಂದು ಭಾಗ ಹೆಚ್ಚಾಗುತ್ತದೆ, ಏಕೆಂದರೆ ಮೂಲಪದವೇ ‘ಡ್’ ಸದ್ದಿನಲ್ಲಿ ಮುಗಿಯುತ್ತದೆ. ನಾಮಪದ ‘ಅವಾಯ್ಡೆನ್ಸ್’, ವಿಶೇಷಣ ‘ಅವಾಯ್ಡಬಲ್’, ಅದರ ವಿರುದ್ಧ ‘ಅನ್‌ಅವಾಯ್ಡಬಲ್’. ಮೊದಲಕ್ಷರ ‘ಎ’ ಬದಲು ‘ಒ’ ಬರೆದರೆ ಮೊಟ್ಟೆಯಾಕಾರದ ವಸ್ತು ಎಂಬ ಅರ್ಥದ ಬೇರೆಯೇ ಪದವಾಗುತ್ತದೆ. ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಅದನ್ನು ಹಿಡಿಯುವುದಿಲ್ಲ.

ಹಂತ 2: ಎರಡು ಪ್ರಶ್ನೆ ಕೇಳಿಕೊಳ್ಳಿ

‘ಅವಾಯ್ಡ್’ನ ಮೂಲ ಹಳೆಯ ಫ್ರೆಂಚಿನಲ್ಲಿದೆ. ಬರಿದು ಮಾಡು, ಖಾಲಿ ಮಾಡು ಎಂಬುದು ಅಲ್ಲಿನ ಅರ್ಥ. ಜಾಗ ಖಾಲಿ ಮಾಡಿ ಹೋಗುವುದರಿಂದ ದೂರ ಇರುವುದಕ್ಕೆ ಅರ್ಥ ಸರಿಯಿತು. ಇಂದು ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಅರ್ಥ. ಒಂದು, ವ್ಯಕ್ತಿ, ಜಾಗ, ವಸ್ತು ಅಥವಾ ಕೆಲಸದಿಂದ ಬೇಕೆಂದೇ ದೂರ ಇರುವುದು. ಇನ್ನೊಂದು, ಆಗಬಹುದಾದ ಕೆಟ್ಟದ್ದು ನಮಗೆ ಆಗದಂತೆ ನೋಡಿಕೊಳ್ಳುವುದು.

ಬರೆಯುವ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟು. ಇದು ಬೇಕೆಂದೇ ಮಾಡಿದ್ದೇ? ದೂರ ಸರಿದವನು ಅಥವಾ ಎಚ್ಚರ ವಹಿಸಿದವನು ವಾಕ್ಯದ ಕರ್ತೃವೇ? ಎರಡಕ್ಕೂ ಹೌದು ಎಂದಾದರೆ ‘ಅವಾಯ್ಡ್’ ಬರೆಯಿರಿ. ಒಂದಕ್ಕೆ ಅಲ್ಲ ಎಂದು ಬಂದರೂ ಬೇರೆ ಪದ ಹುಡುಕಿ.

ಹಂತ 3: ‘ತಪ್ಪಿಸು’ವನ್ನು ಬಿಡಿಸಿ ನೋಡಿ

ಹೆಚ್ಚಿನವರು ಬೀಳುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಹೋಗೋಣ.

‘ಮಡಿಕೇರಿ ಬಸ್ಸು ತಪ್ಪಿಸಿಕೊಂಡೆ’ ಎನ್ನುವುದು ‘ಐ ಮಿಸ್ಡ್ ದ ಬಸ್’. ಇದನ್ನೇ ‘ಐ ಅವಾಯ್ಡೆಡ್ ದ ಬಸ್’ ಎಂದರೆ ಬಸ್ಸು ಬಂದಿತ್ತು, ನಾನೇ ಬೇಡವೆಂದು ಹತ್ತಲಿಲ್ಲ ಎಂದಾಗುತ್ತದೆ. ತಡವಾಗಿ ಬಂದ ಕೆಲಸಗಾರ ಮ್ಯಾನೇಜರಿಗೆ ಹೀಗೆ ಬರೆದು ಕಳಿಸಿದರೆ ಏನಾಗುತ್ತದೆ ಎಂದು ಊಹಿಸಿಕೊಳ್ಳಿ.

‘ಹುಡುಗ ಕ್ಲಾಸು ತಪ್ಪಿಸಿದ’ ಎಂಬಲ್ಲಿ ‘ಸ್ಕಿಪ್ಡ್’ ಸರಿ, ನಮ್ಮ ಕಡೆಯ ಆಡುಮಾತಿನಲ್ಲಿ ‘ಬಂಕ್’. ‘ಅವಾಯ್ಡೆಡ್ ದ ಕ್ಲಾಸ್’ ಎಂದರೆ ವ್ಯಾಕರಣದ ತಪ್ಪೇನೂ ಇಲ್ಲ, ಆದರೆ ಆ ಕ್ಲಾಸಿನ ಬಗ್ಗೆ ಅವನಿಗೆ ಏನೋ ಅಂಜಿಕೆಯೋ ಅಸಹನೆಯೋ ಇದೆ ಎಂಬ ಛಾಯೆ ಬರುತ್ತದೆ.

‘ಆನೆಯಿಂದ ತಪ್ಪಿಸಿಕೊಂಡ’ ಎನ್ನುವುದಕ್ಕೆ ಎರಡು ಸಂದರ್ಭಗಳಿವೆ, ಎರಡಕ್ಕೂ ಬೇರೆ ಬೇರೆ ಪದ. ತೋಟದಲ್ಲಿ ಆನೆ ಎದುರಾಯಿತು, ಓಡಿ ಬದುಕಿದ ಎಂದಾದರೆ ‘ಹಿ ಎಸ್ಕೇಪ್ಡ್ ಫ್ರಮ್ ದಿ ಎಲಿಫೆಂಟ್’. ಸಿದ್ದಾಪುರದ ಆ ರಸ್ತೆಯಲ್ಲಿ ಆನೆ ನಿಂತಿದೆ ಎಂದು ವಾಟ್ಸ್ಆ್ಯಪ್ ನೋಡಿ ಬೇರೆ ದಾರಿ ಹಿಡಿದ ಎಂದಾದರೆ ‘ಹಿ ಅವಾಯ್ಡೆಡ್ ದಿ ಎಲಿಫೆಂಟ್’. ‘ಎಸ್ಕೇಪ್’ ಎಂದರೆ ಸಿಕ್ಕಿಬಿದ್ದ ಮೇಲೆ ಅಥವಾ ಸಿಕ್ಕಿಬೀಳುವ ಗಳಿಗೆಯಲ್ಲಿ ಪಾರಾಗುವುದು. ‘ಅವಾಯ್ಡ್’ ಎಂದರೆ ಸಿಕ್ಕಿಬೀಳುವ ಪ್ರಮೇಯವನ್ನೇ ತಂದುಕೊಳ್ಳದಿರುವುದು.

‘ಮಗು ಬೀಳುವುದನ್ನು ತಪ್ಪಿಸಿದೆ’ ಎಂಬಲ್ಲಿ ಬೀಳಲಿದ್ದುದು ಮಗು, ತಡೆದದ್ದು ನಾನು. ಕರ್ತೃ ಬೇರೆ, ಕೆಲಸದ ಒಡೆಯ ಬೇರೆ. ಆದ್ದರಿಂದ ‘ಐ ಪ್ರಿವೆಂಟೆಡ್ ದ ಚೈಲ್ಡ್ ಫ್ರಮ್ ಫಾಲಿಂಗ್’, ಅಥವಾ ಮಾತಿನಲ್ಲಿ ‘ಐ ಸ್ಟಾಪ್ಡ್’. ಇಲ್ಲಿ ‘ಅವಾಯ್ಡ್’ ಬರೆದರೆ ಅದು ಸೀದಾ ತಪ್ಪು, ಛಾಯೆಯ ಪ್ರಶ್ನೆಯಲ್ಲ.

‘ದೊಡ್ಡ ಅನಾಹುತ ತಪ್ಪಿತು’ ಎಂಬ ಪತ್ರಿಕೆಯ ಸಾಲಿಗೆ ‘ಅವರ್ಟೆಡ್’ ಚೆನ್ನಾಗಿ ಹೊಂದುತ್ತದೆ. ಬಂದೇಬಿಟ್ಟಿತು ಎನ್ನುವಾಗ ಅಡ್ಡ ಹೋಯಿತು ಎಂಬ ಭಾವ ಅದಕ್ಕಿದೆ. ‘ಜವಾಬ್ದಾರಿ ತಪ್ಪಿಸಿಕೊಂಡ’ ಎಂಬುದಕ್ಕೆ ‘ಶರ್ಕ್ಡ್’ ಅಥವಾ ‘ಇವೇಡೆಡ್’. ‘ಮಾತು ತಪ್ಪಿದ’, ‘ದಾರಿ ತಪ್ಪಿದೆವು’ ಇವೆರಡಕ್ಕೂ ‘ಅವಾಯ್ಡ್’ಗೂ ನಂಟೇ ಇಲ್ಲ. ಮೊದಲನೆಯದು ‘ಬ್ರೋಕ್ ಹಿಸ್ ವರ್ಡ್’, ಎರಡನೆಯದು ‘ಲಾಸ್ಟ್ ಅವರ್ ವೇ’.

ಒಂದು ಕಡೆ ಮಾತ್ರ ಗಡಿ ಮಸುಕು. ಹಾನಿ, ವಿಳಂಬ, ಗೊಂದಲ, ಅಪಘಾತ ಇಂಥವುಗಳ ಜೊತೆಗೆ ‘ಅವಾಯ್ಡ್’ ಮತ್ತು ‘ಪ್ರಿವೆಂಟ್’ ಎರಡೂ ನಡೆಯುತ್ತವೆ. ‘ಟು ಅವಾಯ್ಡ್ ಡ್ಯಾಮೇಜ್’ ಎಂದರೆ ನಮಗೆ ಹಾನಿ ತಟ್ಟದಂತೆ, ‘ಟು ಪ್ರಿವೆಂಟ್ ಡ್ಯಾಮೇಜ್’ ಎಂದರೆ ಹಾನಿಯೇ ಹುಟ್ಟದಂತೆ. ರೋಗದ ವಿಷಯದಲ್ಲಿ ‘ಪ್ರಿವೆಂಟ್’ ಬರೆಯುವುದೇ ವಾಸಿ. ಒಳ್ಳೆಮೆಣಸಿನ ಸೊರಗು ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದು ‘ಟು ಪ್ರಿವೆಂಟ್’. ಮೆಣಸಿನ ಬಳ್ಳಿ ರೋಗದಿಂದ ದೂರ ಸರಿದು ನಿಲ್ಲಲಾರದು, ನಾವು ರೋಗವನ್ನು ತಡೆಯುತ್ತೇವೆ.

ಇನ್ನೊಂದು ಗೊಂದಲ ಕನ್ನಡದೊಳಗೇ ಹುಟ್ಟಿದ್ದು. ‘ಅವನು ನನ್ನನ್ನ ಅವಾಯ್ಡ್ ಮಾಡ್ತಿದಾನೆ’ ಎಂದು ನಾವು ಆಡುವ ಮಾತು ಅನೇಕ ಸಲ ‘ಇಗ್ನೋರ್’ ಆಗಿರುತ್ತದೆ. ಎದುರಿಗೆ ಸಿಕ್ಕರೂ ನೋಡದ ಹಾಗೆ ಹೋದರೆ, ಮೆಸೇಜು ಓದಿಯೂ ಉತ್ತರಿಸದಿದ್ದರೆ ಅದು ‘ಇಗ್ನೋರ್’. ಎದುರಿಗೆ ಸಿಗಬಾರದೆಂದೇ ಸಂತೆಗೆ ಬರುವ ಹೊತ್ತು ಬದಲಿಸಿಕೊಂಡರೆ ಅದು ‘ಅವಾಯ್ಡ್’.

ಹಂತ 4: ‘ಅವಾಯ್ಡ್’ ಆದ ಮೇಲೆ ಏನು ಬರಬೇಕು

ನಿಯಮ ಚಿಕ್ಕದು. ‘ಅವಾಯ್ಡ್’ ಆದ ಮೇಲೆ ಒಂದೋ ನಾಮಪದ ಬರಬೇಕು, ಇಲ್ಲವೇ ಕ್ರಿಯಾಪದದ ‘ಇಂಗ್’ ರೂಪ ಬರಬೇಕು. ‘ಇಂಗ್’ ರೂಪ ಎಂದರೆ ಕ್ರಿಯೆಯನ್ನು ಹೆಸರಿನ ಹಾಗೆ ಬಳಸುವುದು: ಬಳಸು ಎಂಬುದು ಬಳಸುವುದು ಆದಂತೆ.

ಸರಿ: ‘ಪ್ಲೀಸ್ ಅವಾಯ್ಡ್ ಪ್ಲಾಸ್ಟಿಕ್ ಬಾಟಲ್ಸ್.’
ಸರಿ: ‘ಪ್ಲೀಸ್ ಅವಾಯ್ಡ್ ಯೂಸಿಂಗ್ ಪ್ಲಾಸ್ಟಿಕ್ ಬಾಟಲ್ಸ್.’
ತಪ್ಪು: ‘ಪ್ಲೀಸ್ ಅವಾಯ್ಡ್ ಟು ಯೂಸ್ ಪ್ಲಾಸ್ಟಿಕ್ ಬಾಟಲ್ಸ್.’
ತಪ್ಪು: ‘ಪ್ಲೀಸ್ ಅವಾಯ್ಡ್ ಫ್ರಮ್ ಯೂಸಿಂಗ್ ಪ್ಲಾಸ್ಟಿಕ್ ಬಾಟಲ್ಸ್.’

ಮೂರನೆಯ ಸಾಲಿನ ತಪ್ಪು ಬರುವುದು ಏಕೆಂದರೆ ‘ಟು ಅವಾಯ್ಡ್’ ಎಂಬ ಜೋಡಿ ಕಿವಿಗೆ ತುಂಬ ಪರಿಚಿತ. ‘ಟು ಅವಾಯ್ಡ್ ದ ವೀಕೆಂಡ್ ರಶ್, ಕಮ್ ಬಿಫೋರ್ ಏಟ್.’ ಶನಿವಾರ, ಭಾನುವಾರದ ಜನಜಂಗುಳಿ ಬೇಡವೆಂದರೆ ಎಂಟಕ್ಕೆ ಮೊದಲೇ ಬನ್ನಿ. ಇಲ್ಲಿ ‘ಟು’ ಇರುವುದು ‘ಅವಾಯ್ಡ್’ಗಿಂತ ಮೊದಲು, ಉದ್ದೇಶ ಹೇಳುವುದಕ್ಕೆ. ಮೊದಲು ಬರಬಹುದು, ನಂತರ ಬರಬಾರದು. ನಾಲ್ಕನೆಯ ಸಾಲಿನ ತಪ್ಪು ಹುಟ್ಟುವುದು ‘ರಿಫ್ರೇನ್ ಫ್ರಮ್’ ಎಂಬ ಇನ್ನೊಂದು ಪ್ರಯೋಗದ ನೆರಳಿನಿಂದ. ‘ರಿಫ್ರೇನ್’ಗೆ ‘ಫ್ರಮ್’ ಬೇಕೇ ಬೇಕು, ‘ಅವಾಯ್ಡ್’ಗೆ ಬೇಡವೇ ಬೇಡ. ಕನ್ನಡದಲ್ಲಿ ‘ಇದರಿಂದ ದೂರವಿರಿ’ ಎಂದು ಪಂಚಮಿ ಬರುವುದರಿಂದ ‘ಫ್ರಮ್’ ತಾನಾಗಿ ನುಸುಳುತ್ತದೆ, ಎಚ್ಚರ.

ನಮಗೇ ಏನೋ ಆಗುವುದನ್ನು ತಪ್ಪಿಸಿಕೊಳ್ಳಬೇಕಾದಾಗ ‘ಬೀಯಿಂಗ್’ ಸೇರಿಸಬೇಕು. ಮಳೆಗಾಲದಲ್ಲಿ ಕಾಡುದಾರಿ ನಡೆಯಲು ಬರುವ ಅತಿಥಿಗಳಿಗೆ ಜಿಗಣೆಯ ಸೂಚನೆ ಬರೆಯುವಾಗ ಇದು ಉಪಯೋಗಕ್ಕೆ ಬರುತ್ತದೆ: ‘ವೇರ್ ಲೀಚ್ ಸಾಕ್ಸ್ ಟು ಅವಾಯ್ಡ್ ಬೀಯಿಂಗ್ ಬಿಟನ್.’ ‘ಟು ಅವಾಯ್ಡ್ ಬೈಟಿಂಗ್’ ಎಂದು ಬರೆದರೆ ಅತಿಥಿಗಳು ಜಿಗಣೆಯನ್ನು ಕಚ್ಚದಿರಲಿ ಎಂದಾಗುತ್ತದೆ. ಇಂಥ ಬೋರ್ಡುಗಳು ಫೋಟೋ ಆಗಿ ಊರೆಲ್ಲ ತಿರುಗುತ್ತವೆ.

ಬೇರೆಯವರನ್ನು ತಡೆಯಲು ‘ಅವಾಯ್ಡ್’ ಬಳಸುವ ತಪ್ಪು ವ್ಯಾಕರಣದಲ್ಲೂ ಕಾಣಿಸಿಕೊಳ್ಳುತ್ತದೆ: ‘ಅವಾಯ್ಡ್ ಗೆಸ್ಟ್ಸ್ ಟು ಎಂಟರ್ ದ ಕಿಚನ್.’ ಇದನ್ನು ಓದಿದ ಅಡುಗೆಯವರಿಗೆ ಅತಿಥಿಗಳ ಕಣ್ಣಿಗೆ ಬೀಳಬೇಡಿ ಎಂದೋ ಏನೋ ಅನ್ನಿಸಬಹುದು. ‘ಗೆಸ್ಟ್ಸ್ ಆರ್ ರಿಕ್ವೆಸ್ಟೆಡ್ ನಾಟ್ ಟು ಎಂಟರ್ ದ ಕಿಚನ್’ ಎಂದು ಬರೆಯಿರಿ.

ಎರಡು ನಿಷೇಧ ಒಟ್ಟಿಗೆ ಬಂದರೆ ಓದುವವರು ತಬ್ಬಿಬ್ಬು. ‘ಅವಾಯ್ಡ್ ನಾಟ್ ವೇರಿಂಗ್ ಹೆಲ್ಮೆಟ್’ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಅರ್ಥ ಸರಿಯೇ ಬರುತ್ತದೆ, ಆದರೆ ತಿರುವಿನಲ್ಲಿ ಗಾಡಿ ಓಡಿಸುವವನಿಗೆ ಲೆಕ್ಕ ಹಾಕಲು ಪುರಸೊತ್ತಿಲ್ಲ. ‘ವೇರ್ ಹೆಲ್ಮೆಟ್’ ಸಾಕು. ಮಾಡಬೇಕಾದ್ದನ್ನು ಹೇಳಲು ‘ಅವಾಯ್ಡ್’ ಬೇಕಾಗಿಯೇ ಇಲ್ಲ.

‘ನಗು ತಡೆಯಲಾಗಲಿಲ್ಲ’ ಎನ್ನುವುದಕ್ಕೆ ‘ಕುಡ್ನಾಟ್ ಹೆಲ್ಪ್ ಲಾಫಿಂಗ್’ ರೂಢಿ. ‘ಅವನನ್ನು ಭೇಟಿಯಾಗದೆ ಗತಿಯಿರಲಿಲ್ಲ’ ಎನ್ನುವುದಕ್ಕೆ ‘ಕುಡ್ನಾಟ್ ಅವಾಯ್ಡ್ ಮೀಟಿಂಗ್ ಹಿಮ್’. ಒಳಗಿನಿಂದ ಉಕ್ಕುವುದಕ್ಕೆ ‘ಹೆಲ್ಪ್’, ಹೊರಗಿನಿಂದ ಎದುರಾಗುವುದಕ್ಕೆ ‘ಅವಾಯ್ಡ್’.

ಹಂತ 5: ಪದದ ಬಲ ಅಳೆಯಿರಿ

ಬೋರ್ಡು ಬರೆಸುವವರು ಈ ಹಂತವನ್ನು ಬಿಡಬೇಡಿ. ‘ಅವಾಯ್ಡ್’ ಸಲಹೆ. ‘ಡು ನಾಟ್’ ಆಜ್ಞೆ. ‘ಪ್ರೊಹಿಬಿಟೆಡ್’ ಎಂದರೆ ನಿಷೇಧ, ಅದರ ಹಿಂದೆ ಕಾನೂನೋ ದಂಡವೋ ಇದೆ ಎಂಬ ಸೂಚನೆ. ಸೌಜನ್ಯಕ್ಕೆಂದು ಎಲ್ಲ ಕಡೆ ‘ಪ್ಲೀಸ್ ಅವಾಯ್ಡ್’ ಬರೆದರೆ ಕಾನೂನು ಕೂಡ ಕೋರಿಕೆಯಂತೆ ಕೇಳಿಸುತ್ತದೆ.

ಹೋಂಸ್ಟೇಗಳಲ್ಲಿ ಕಾಣುವ ಸಾಲು: ‘ಪ್ಲೀಸ್ ಅವಾಯ್ಡ್ ಲೌಡ್‌ಸ್ಪೀಕರ್ಸ್ ಆಫ್ಟರ್ ಟೆನ್ ಪಿಎಂ.’ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕದ ಮೇಲೆ 2000ರ ಶಬ್ದಮಾಲಿನ್ಯ ನಿಯಮಗಳಡಿ ನಿರ್ಬಂಧವಿದೆ. ಅತಿಥಿಯ ಇಷ್ಟಕ್ಕೆ ಬಿಡುವ ವಿಷಯ ಅದಲ್ಲ. ‘ಲೌಡ್‌ಸ್ಪೀಕರ್ಸ್ ಆರ್ ನಾಟ್ ಅಲೌಡ್’ ಎಂದೇ ಬರೆಯಬೇಕು. ಹಾಗೆಯೇ ಪ್ಲಾಸ್ಟಿಕ್ ಸ್ಟ್ರಾ, ಲೋಟ, ತಟ್ಟೆಯಂಥ ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳನ್ನು ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಅವಕ್ಕೆ ‘ಅವಾಯ್ಡ್’ ಸಾಲದು. ಆದರೆ ಬಾಟಲಿ ನೀರು ತರುವುದರ ಬದಲು ನಮ್ಮಲ್ಲೇ ಕಾಯಿಸಿದ ನೀರು ಕುಡಿಯಿರಿ ಎಂದು ಕೋರುವಾಗ ‘ಅವಾಯ್ಡ್’ ತಕ್ಕ ಪದ.

ಹೊಳೆಯ ದಡದಲ್ಲಿ ಇನ್ನೂ ಜಾಗರೂಕರಾಗಿರಿ. ಕಾವೇರಿಯ ಸುಳಿ ಇರುವ ಕಡೆ, ಜಲಪಾತದ ಬುಡದಲ್ಲಿ, ಜಾರುಬಂಡೆಯ ಮೇಲೆ ‘ಅವಾಯ್ಡ್ ಸ್ವಿಮ್ಮಿಂಗ್’ ಎಂದರೆ ಈಜು ಬಲ್ಲವನು ತನಗಲ್ಲ ಅಂದುಕೊಳ್ಳುತ್ತಾನೆ. ‘ಡೇಂಜರ್. ಡು ನಾಟ್ ಎಂಟರ್ ದ ವಾಟರ್.’ ಜೀವ ಹೋಗುವ ಕಡೆ ಸೌಜನ್ಯ ಎರಡನೆಯದು.

ಓದುವಾಗ ಮಾತ್ರ ಇದರ ತಿರುಗುಮುರುಗು ನಡೆಯುತ್ತದೆ. ಹವಾಮಾನ ಇಲಾಖೆಯ ಭಾರಿ ಮಳೆ ಮುನ್ಸೂಚನೆಯಲ್ಲಿ ನೀರು ನಿಲ್ಲುವ ಜಾಗಗಳಿಗೆ ಹೋಗುವುದನ್ನು, ಶಿಥಿಲ ಕಟ್ಟಡಗಳಲ್ಲಿ ಉಳಿಯುವುದನ್ನು ‘ಅವಾಯ್ಡ್’ ಮಾಡಿ ಎಂದು ಇರುತ್ತದೆ. ಸಲಹೆಯ ರೂಪದಲ್ಲಿದ್ದರೂ ಹಳದಿ, ಕಿತ್ತಳೆ, ಕೆಂಪು ಬಣ್ಣದ ಎಚ್ಚರಿಕೆಯ ಜೊತೆ ಸೇರಿಸಿ ಓದಬೇಕು. ಕೆಂಪು ಎಂದರೆ ಕ್ರಮ ಕೈಗೊಳ್ಳಿ ಎಂದರ್ಥ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಕಡಿದುಹೋದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯ ಹಿರಿಯರಿಗೆ ಇಂಥ ಸೂಚನೆ ಅನುವಾದಿಸಿ ಹೇಳುವಾಗ ‘ಆದಷ್ಟು ಹೋಗಬೇಡಿ’ ಎನ್ನದೆ ‘ಹೋಗಬೇಡಿ’ ಎಂದೇ ಹೇಳಿ.

ಹಂತ 6: ಲೇಬಲ್ಲು ಓದುವುದು

ತೋಟದವರಿಗೆ ಈ ಪದ ಹೆಚ್ಚಾಗಿ ಸಿಗುವುದು ಡಬ್ಬಿಯ ಮೇಲೆ. ಕೀಟನಾಶಕ, ಶಿಲೀಂಧ್ರನಾಶಕಗಳ ಲೇಬಲ್ಲಿನಲ್ಲಿ ಮೊದಲು ನೋಡಬೇಕಾದ್ದು ಬಣ್ಣದ ಗುರುತು. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಆಮೇಲೆ ‘ಅವಾಯ್ಡ್’ ಸಾಲುಗಳನ್ನು ಹುಡುಕಿ.

‘ಅವಾಯ್ಡ್ ಕಾಂಟ್ಯಾಕ್ಟ್ ವಿತ್ ಮೌತ್, ಐಸ್ ಆ್ಯಂಡ್ ಸ್ಕಿನ್.’ ಬಾಯಿ, ಕಣ್ಣು, ಚರ್ಮಕ್ಕೆ ತಾಗದಿರಲಿ. ಅಂದರೆ ಕೈಗವಸು, ಕನ್ನಡಕ, ಉದ್ದ ತೋಳಿನ ಅಂಗಿ ಬೇಕು ಎಂದರ್ಥ. ಲೇಬಲ್ಲು ತಾಗದಿರಲಿ ಎಂದಷ್ಟೇ ಹೇಳಿದರೂ ಅದಕ್ಕೆ ಏನು ಬೇಕೆಂದು ನೀವು ಬಿಡಿಸಿಕೊಳ್ಳಬೇಕು.

‘ಅವಾಯ್ಡ್ ಇನ್‌ಹಲೇಶನ್ ಆಫ್ ಸ್ಪ್ರೇ ಮಿಸ್ಟ್.’ ‘ಇನ್‌ಹಲೇಶನ್’ ಎಂದರೆ ಉಸಿರಿನೊಳಗೆ ಎಳೆದುಕೊಳ್ಳುವುದು, ‘ಸ್ಪ್ರೇ ಮಿಸ್ಟ್’ ಎಂದರೆ ಸಿಂಪಡಿಸುವಾಗ ಏಳುವ ಸಣ್ಣ ಹನಿಗಳ ಮಂಜು. ಮಾಸ್ಕು ಕಟ್ಟಿ, ಗಾಳಿ ಬೀಸುವ ದಿಕ್ಕಿಗೇ ಹೊಡೆಯಿರಿ, ಗಾಳಿಗೆ ಎದುರಾಗಿ ಅಲ್ಲ.

ಅದೇ ಲೇಬಲ್ಲಿನಲ್ಲಿ ಕೆಲವು ಸಾಲು ‘ಡು ನಾಟ್’ ಎಂದು ಶುರುವಾಗುತ್ತವೆ. ಸಿಂಪಡಿಸುವಾಗ ತಿನ್ನಬೇಡಿ, ಕುಡಿಯಬೇಡಿ, ಬೀಡಿ ಸಿಗರೇಟು ಸೇದಬೇಡಿ ಎಂಬವು ಅವು. ಹನಿ ತಾಗುವುದು ಪೂರ್ತಿ ನಮ್ಮ ಕೈಯಲ್ಲಿಲ್ಲ, ಅದಕ್ಕೆ ‘ಅವಾಯ್ಡ್’. ಬೀಡಿ ಹಚ್ಚುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ, ಅದಕ್ಕೆ ‘ಡು ನಾಟ್’. ಆದ್ದರಿಂದ ಲೇಬಲ್ಲಿನ ‘ಅವಾಯ್ಡ್’ ಅನ್ನು ಆಳುಗಳಿಗೆ ಹೇಳುವಾಗ ‘ಆದರೆ ಒಳ್ಳೆಯದು’ ಎಂಬ ಧಾಟಿ ಬರಬಾರದು.

ಬೋರ್ಡೋ ದ್ರಾವಣದ ಸೂಚನೆಗಳಲ್ಲಿ ‘ಅವಾಯ್ಡ್ ಮೆಟಲ್ ಕಂಟೇನರ್ಸ್’ ಎಂಬ ಸಾಲು ಸಿಗುತ್ತದೆ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಿದರೆ ಅದು ಕಬ್ಬಿಣವನ್ನು ತಿನ್ನುತ್ತದೆ, ದ್ರಾವಣದಲ್ಲಿರಬೇಕಾದ ತಾಮ್ರ ಡ್ರಮ್ಮಿನ ಮೈಗೆ ಕೂರುತ್ತದೆ. ಇಲ್ಲಿ ‘ಅವಾಯ್ಡ್’ ಅಂದರೆ ಪ್ಲಾಸ್ಟಿಕ್ ಡ್ರಮ್ಮೋ ಮಣ್ಣಿನ ಪಾತ್ರೆಯೋ ಬಳಸಿ ಎಂದು.

ಕಾಫಿ ಕೊಯ್ಲಿನ ಸೂಚನೆಗಳಲ್ಲಿ ‘ಅವಾಯ್ಡ್ ಹೀಪಿಂಗ್’ ಇರುತ್ತದೆ. ‘ಹೀಪಿಂಗ್’ ಎಂದರೆ ರಾಶಿ ಹಾಕುವುದು. ಕೊಯ್ದ ಹಣ್ಣನ್ನು ರಾತ್ರಿಯಿಡೀ ರಾಶಿಯಲ್ಲೋ ಚೀಲದಲ್ಲೋ ಬಿಟ್ಟರೆ ಬಿಸಿಯೇರಿ ಹುಳಿಯುತ್ತದೆ, ಕುಡಿಯುವ ಕಾಫಿಯಲ್ಲಿ ಕೆಟ್ಟ ವಾಸನೆ ಬರುತ್ತದೆ. ‘ಅವಾಯ್ಡ್ ಡ್ರೈಯಿಂಗ್ ಆನ್ ಬೇರ್ ಗ್ರೌಂಡ್’ ಎಂದರೆ ಬರಿ ಮಣ್ಣಿನ ಮೇಲೆ ಒಣಗಿಸಬೇಡಿ, ಕಾಂಕ್ರೀಟ್ ಕಣವೋ ಟಾರ್ಪಾಲೋ ಇರಲಿ ಎಂದು. ಇಲ್ಲಿ ‘ಬೇರ್’ ಎಂದರೆ ಬರಿದಾದ, ಕರಡಿಯಲ್ಲ. ಕಿವಿಗೆ ಎರಡೂ ಒಂದೇ, ಕಾಗುಣಿತ ಬೇರೆ. ‘ಅವಾಯ್ಡ್ ಓವರ್‌ಡ್ರೈಯಿಂಗ್’ ಕೂಡ ನೋಡಿರುತ್ತೀರಿ. ಪಾರ್ಚ್‌ಮೆಂಟಿನಲ್ಲಿ (ತಿರುಳು ತೆಗೆದು ಒಣಗಿಸಿದ ಬೀಜ) ತೇವಾಂಶ ಶೇ. 10, ಚೆರ್ರಿಯಲ್ಲಿ (ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು) ಶೇ. 11ರ ಸುಮಾರಿಗೆ ನಿಲ್ಲಿಸಬೇಕು. ಅದಕ್ಕಿಂತ ಒಣಗಿಸಿದರೆ ತೂಕವೂ ಹೋಗುತ್ತದೆ, ಹಲ್ಲಿಂಗ್ ಮಾಡುವಾಗ, ಅಂದರೆ ಸಿಪ್ಪೆ ಬಿಡಿಸುವಾಗ, ಬೀಜವೂ ಒಡೆಯುತ್ತದೆ.

ಮಾತ್ರೆ ಚೀಟಿಯಲ್ಲಿ ‘ಮೇ ಕಾಸ್ ಡ್ರೌಸಿನೆಸ್, ಅವಾಯ್ಡ್ ಡ್ರೈವಿಂಗ್’ ಎಂದರೆ ತೂಕಡಿಕೆ ಬರಬಹುದು, ಗಾಡಿ ಓಡಿಸಬೇಡಿ. ಘಾಟಿ ರಸ್ತೆಯಲ್ಲಿ ಅದಕ್ಕೆ ‘ಆದಷ್ಟು’ ಎಂಬ ಅರ್ಥವಿಲ್ಲ. ಮೆಟ್ರೋನಿಡಜೋಲ್ ಎಂಬ ಸೋಂಕಿನ ಮಾತ್ರೆಯ ಜೊತೆಗಿನ ‘ಅವಾಯ್ಡ್ ಆಲ್ಕೊಹಾಲ್’ ಕೂಡ ಹಾಗೆಯೇ. ಸ್ವಲ್ಪ ಕಡಿಮೆ ಕುಡಿಯಿರಿ ಎಂದಲ್ಲ, ಮುಟ್ಟಲೇಬೇಡಿ ಎಂದು. ಮಾತ್ರೆ ಮುಗಿದ ಮೇಲೂ ಎಷ್ಟು ದಿನ ಎಂದು ವೈದ್ಯರನ್ನು ಕೇಳಿ, ಮದುವೆ ಮನೆಯಲ್ಲಿ ನೆಂಟರನ್ನಲ್ಲ.

ಹಂತ 7: ತೆರಿಗೆ ಮತ್ತು ಕಾನೂನಿನ ಕಾಗದ

ಲೆಕ್ಕಪತ್ರದಲ್ಲಿ ‘ಟ್ಯಾಕ್ಸ್ ಅವಾಯ್ಡೆನ್ಸ್’ ಮತ್ತು ‘ಟ್ಯಾಕ್ಸ್ ಇವೇಶನ್’ ಎಂಬ ಎರಡು ಮಾತಿವೆ. ಕನ್ನಡದಲ್ಲಿ ಎರಡನ್ನೂ ‘ತೆರಿಗೆ ತಪ್ಪಿಸುವುದು’ ಎಂದು ಬರೆದುಬಿಡುವವರಿದ್ದಾರೆ. ‘ಇವೇಶನ್’ ಅಂದರೆ ತೆರಿಗೆ ವಂಚನೆ: ಆದಾಯ ಮುಚ್ಚಿಡುವುದು, ಸುಳ್ಳು ಬಿಲ್ಲು ತೋರಿಸುವುದು. ಅದು ಅಪರಾಧ. ‘ಅವಾಯ್ಡೆನ್ಸ್’ ಎಂದರೆ ಏನನ್ನೂ ಮುಚ್ಚಿಡದೆ, ಕಾನೂನಿನ ಸಂದಿನಲ್ಲಿ ದಾರಿ ಮಾಡಿಕೊಂಡು ತೆರಿಗೆ ಇಳಿಸಿಕೊಳ್ಳುವುದು. ಕಾನೂನೇ ಕೊಟ್ಟ ವಿನಾಯಿತಿ ಪಡೆಯುವುದಕ್ಕೆ ‘ಟ್ಯಾಕ್ಸ್ ಪ್ಲ್ಯಾನಿಂಗ್’ ಎಂಬ ಮೂರನೆಯ ಹೆಸರಿದೆ.

‘ಅವಾಯ್ಡೆನ್ಸ್’ ಅಂದಮಾತ್ರಕ್ಕೆ ಸುರಕ್ಷಿತ ಎಂದೂ ಅಲ್ಲ. 1985ರ ಮ್ಯಾಕ್‌ಡೊವೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾನೂನಿನ ಚೌಕಟ್ಟಿನೊಳಗಿನ ತೆರಿಗೆ ಯೋಜನೆಯನ್ನು ಒಪ್ಪಿತು, ಆದರೆ ತೋರಿಕೆಯ ಕಪಟ ವ್ಯವಸ್ಥೆಗಳಿಗೆ ಅದರಲ್ಲಿ ಜಾಗವಿಲ್ಲ ಎಂದಿತು. 2017ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಗಾರ್’ ಎಂಬ ನಿಯಮಗಳ ಪೂರ್ಣ ಹೆಸರಿನಲ್ಲೇ ‘ಆ್ಯಂಟಿ-ಅವಾಯ್ಡೆನ್ಸ್’ ಇದೆ. ತೆರಿಗೆ ಉಳಿಸುವುದನ್ನು ಬಿಟ್ಟರೆ ಬೇರೆ ಉದ್ದೇಶವೇ ಕಾಣದ ವ್ಯವಸ್ಥೆಗಳನ್ನು ತಳ್ಳಿಹಾಕಲು ಅವು ಇಲಾಖೆಗೆ ಅಧಿಕಾರ ಕೊಡುತ್ತವೆ. ಇನ್ನು ಹೊರದೇಶದಲ್ಲಿ ಕೆಲಸದಲ್ಲಿರುವ ಮಕ್ಕಳ ಕಾಗದದಲ್ಲಿ ‘ಡಬಲ್ ಟ್ಯಾಕ್ಸೇಶನ್ ಅವಾಯ್ಡೆನ್ಸ್ ಅಗ್ರಿಮೆಂಟ್’ ಎಂದು ಕಂಡರೆ ಗಾಬರಿ ಬೇಡ. ಒಂದೇ ಆದಾಯಕ್ಕೆ ಎರಡು ದೇಶಕ್ಕೂ ತೆರಿಗೆ ಕಟ್ಟುವ ಸ್ಥಿತಿ ಬಾರದಂತೆ ಎರಡು ಸರ್ಕಾರಗಳು ಮಾಡಿಕೊಂಡ ಒಪ್ಪಂದ ಅದು.

ಕರಾರು ಮತ್ತು ವಿಮೆಯ ಇಂಗ್ಲಿಷಿನಲ್ಲಿ ‘ಅವಾಯ್ಡ್’ಗೆ ಹಳೆಯ ಅರ್ಥ ಇನ್ನೂ ಉಳಿದಿದೆ: ಅಸಿಂಧು ಮಾಡು. ‘ದಿ ಇನ್ಶೂರರ್ ಮೇ ಅವಾಯ್ಡ್ ದ ಪಾಲಿಸಿ’ ಎಂದರೆ ವಿಮಾ ಕಂಪನಿ ಪಾಲಿಸಿಯಿಂದ ದೂರ ಇರುತ್ತದೆ ಎಂದಲ್ಲ, ಪಾಲಿಸಿಯೇ ಇರಲಿಲ್ಲ ಎಂಬಂತೆ ರದ್ದು ಮಾಡಬಹುದು ಎಂದು. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಟ್ಟಾಗ ಈ ಸಾಲಿನ ಹಲ್ಲು ಕಾಣುತ್ತದೆ. ಜೀವವಿಮೆಗೆ ಮಾತ್ರ 1938ರ ವಿಮಾ ಕಾಯ್ದೆಯ 45ನೇ ಕಲಮು ಒಂದು ಮಿತಿ ಹಾಕಿದೆ, ಮೂರು ವರ್ಷ ಕಳೆದ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ‘ವಾಯ್ಡಬಲ್’ ಎಂಬ ಪದವೂ ಇದೇ ಬಳಗದ್ದು. ಮೋಸದಿಂದಲೋ ಒತ್ತಾಯದಿಂದಲೋ ಸಹಿ ಹಾಕಿಸಿದ ಕರಾರನ್ನು ಮೋಸಹೋದವರು ಬೇಕಿದ್ದರೆ ಉಳಿಸಿಕೊಳ್ಳಬಹುದು, ಬೇಡವಾದರೆ ಅಸಿಂಧು ಮಾಡಬಹುದು.

ಹಂತ 8: ನೆಂಟರನ್ನು ಗುರುತಿಸಿ

‘ಶನ್’: ಜನರನ್ನೋ ಅಭ್ಯಾಸವನ್ನೋ ಅಸಹ್ಯದಿಂದ ದೂರ ಇಡುವುದು, ಸಮಾಜ ಒಬ್ಬನನ್ನು ಹತ್ತಿರ ಸೇರಿಸದಿರುವುದು. ‘ಎಸ್‌ಚೂ’: ತತ್ವಕ್ಕಾಗಿ ವರ್ಜಿಸುವುದು. ಬರಹದಲ್ಲಿ ಮಾತ್ರ ಚೆನ್ನ, ಮಾತಿನಲ್ಲಿ ಬಳಸಿದರೆ ತೋರಿಕೆ. ‘ಅಬ್‌ಸ್ಟೇನ್’: ಮದ್ಯ, ಮಾಂಸ ಅಥವಾ ಮತದಾನದಿಂದ ದೂರ ಉಳಿಯುವುದು, ಇದಕ್ಕೂ ‘ಫ್ರಮ್’ ಬೇಕು. ‘ಎಲೂಡ್’: ಹುಡುಕುವವರ ಕೈಗೆ ಸಿಗದೆ ನುಸುಳುವುದು, ಅರಣ್ಯ ಇಲಾಖೆ ವಾರಗಟ್ಟಲೆ ಹುಡುಕಿದರೂ ಬೋನಿಗೆ ಬೀಳದ ಹುಲಿಯ ಸುದ್ದಿಯಲ್ಲಿ ಈ ಪದ ಸಿಗುತ್ತದೆ. ‘ಇವೇಡ್’ನಲ್ಲಿ ಕಳ್ಳತನದ ವಾಸನೆಯಿದೆ. ‘ಅವಾಯ್ಡೆಡ್ ದ ಕ್ವೆಶ್ಚನ್’ ಎಂದರೆ ಪ್ರಶ್ನೆಗೆ ಉತ್ತರಿಸಲಿಲ್ಲ, ‘ಇವೇಡೆಡ್ ದ ಕ್ವೆಶ್ಚನ್’ ಎಂದರೆ ಜಾಣತನದಿಂದ ನುಣುಚಿಕೊಂಡ.

ಹಂತ 9: ‘ಅನ್‌ಅವಾಯ್ಡಬಲ್’ ಎಂಬ ರಜಾ ಅರ್ಜಿಯ ರೋಗ

‘ಡ್ಯೂ ಟು ಅನ್‌ಅವಾಯ್ಡಬಲ್ ಸರ್ಕಮ್‌ಸ್ಟ್ಯಾನ್ಸಸ್’, ಅನಿವಾರ್ಯ ಕಾರಣಗಳಿಂದ. ವ್ಯಾಕರಣದಲ್ಲಿ ಕೊರತೆಯಿಲ್ಲ, ಆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಬುಕಿಂಗು ರದ್ದು ಮಾಡುವಾಗ ಅತಿಥಿಗೆ ಬೇಕಾದ್ದು ಕಾರಣ: ‘ದ ರೋಡ್ ಈಸ್ ಕ್ಲೋಸ್ಡ್ ಬಿಕಾಸ್ ಆಫ್ ಎ ಲ್ಯಾಂಡ್‌ಸ್ಲೈಡ್.’ ಗುಡ್ಡ ಕುಸಿದು ರಸ್ತೆ ಮುಚ್ಚಿದೆ ಎಂದು ಒಂದು ಸಾಲು ಬರೆದರೆ ವಾದವೂ ಕಡಿಮೆ.

ಅನಿವಾರ್ಯ ಎಂಬುದಕ್ಕೆ ‘ಇನೆವಿಟಬಲ್’ ಎಂಬ ಇನ್ನೊಂದು ಪದವಿದೆ. ಹೇಗಾದರೂ ಒಂದು ದಿನ ಆಗಿಯೇ ತೀರುವುದಕ್ಕೆ ಅದು. ಈ ಸಲಕ್ಕೆ ತಪ್ಪಿಸಲು ದಾರಿ ಇರಲಿಲ್ಲ ಎನ್ನುವುದಕ್ಕೆ ‘ಅನ್‌ಅವಾಯ್ಡಬಲ್’. ಮುಪ್ಪು ‘ಇನೆವಿಟಬಲ್’, ರಸ್ತೆ ರಿಪೇರಿಯಿಂದಾದ ತಡ ‘ಅನ್‌ಅವಾಯ್ಡಬಲ್’.

ಹಂತ 10: ಕೈ ಪಳಗಿಸಿ

ಈ ಐದನ್ನು ಉತ್ತರ ನೋಡದೆ ಇಂಗ್ಲಿಷಿಗೆ ತನ್ನಿ.

1. ರಾತ್ರಿ ಈ ರಸ್ತೆಯಲ್ಲಿ ಓಡಾಡುವುದು ಬೇಡ (ಸಲಹೆ).
2. ನಾಯಿ ಗೇಟು ದಾಟದಂತೆ ತಡೆದೆ.
3. ಬೆಳಗಿನ ಮೈಸೂರು ಬಸ್ಸು ತಪ್ಪಿತು.
4. ಗೊಂದಲ ಬಾರದಿರಲೆಂದು ಚೀಲಗಳ ಮೇಲೆ ಹೆಸರು ಬರೆಯಿರಿ.
5. ಬಿಸಿಲಿಗೆ ಸುಡದಿರಲು ಟೋಪಿ ಹಾಕಿಕೊಂಡೆ.

ಉತ್ತರ ಹೀಗೆ. ಒಂದನೆಯದು ‘ಅವಾಯ್ಡ್ ಟ್ರಾವೆಲಿಂಗ್ ಆನ್ ದಿಸ್ ರೋಡ್ ಅಟ್ ನೈಟ್’, ‘ಟು ಟ್ರಾವೆಲ್’ ಅಲ್ಲ. ಎರಡನೆಯದು ‘ಐ ಸ್ಟಾಪ್ಡ್ ದ ಡಾಗ್ ಫ್ರಮ್ ಗೋಯಿಂಗ್ ಔಟ್ ಆಫ್ ದ ಗೇಟ್’, ದಾಟಲು ಹೊರಟದ್ದು ನಾಯಿಯಾದ್ದರಿಂದ ‘ಅವಾಯ್ಡ್’ ಬಾರದು. ಮೂರನೆಯದು ‘ಐ ಮಿಸ್ಡ್ ದ ಮಾರ್ನಿಂಗ್ ಬಸ್ ಟು ಮೈಸೂರು’. ನಾಲ್ಕನೆಯದು ‘ರೈಟ್ ದ ನೇಮ್ಸ್ ಆನ್ ದ ಬ್ಯಾಗ್ಸ್ ಟು ಅವಾಯ್ಡ್ ಕನ್‌ಫ್ಯೂಶನ್’, ಇಲ್ಲಿ ‘ಟು’ ಮೊದಲೇ ಬಂದಿರುವುದನ್ನು ಗಮನಿಸಿ. ಐದನೆಯದು ‘ಐ ವೋರ್ ಎ ಹ್ಯಾಟ್ ಟು ಅವಾಯ್ಡ್ ಗೆಟಿಂಗ್ ಸನ್‌ಬರ್ನ್ಡ್’. ‘ಗೆಟಿಂಗ್’ ಬದಲು ‘ಬೀಯಿಂಗ್’ ಬರೆದಿದ್ದರೂ ಅಂಕ ಕೊಟ್ಟುಕೊಳ್ಳಿ, ಮಾತಿನಲ್ಲಿ ‘ಗೆಟಿಂಗ್’ ಹೆಚ್ಚು ಸಹಜ.